ಜರಡಿಗೆ ಇಟ್ಟ ಬೊಟ್ಟು

ನಮ್ಮ ತಂತ್ರಕಟ್ಟೆಯ ಮಂದಿ ಲಿಂಕ್ ತೆರೆದು ಓದುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅರ್ಧ ಕಾರಣ ಇದೇ. ತಲೆಬರಹ ಓದುತ್ತಾರೆ, ಕಮೆಂಟಿಗೆ ಜಿಗಿಯುತ್ತಾರೆ. ಯಾರೋ ಹೊಸ ಡೇಟಾಬೇಸ್ ಬರೆದಿದ್ದಾನೆ ಎಂದರೆ, ಅದು ಏನು ಮಾಡುತ್ತದೆ ಎಂದು ನೋಡುವ ಮೊದಲೇ ‘ಇದನ್ನು ನಾನಾಗಿದ್ದರೆ ಒಂದು ರವಿವಾರದಲ್ಲಿ ಬರೆದು ಮುಗಿಸುತ್ತಿದ್ದೆ’ ಎನ್ನುವವರು ಹತ್ತು ಜನ. ಯಾವುದೋ ಸ್ಟಾರ್ಟಪ್ ಬಾಗಿಲು ಹಾಕಿತು ಎಂದರೆ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುವವರು ಇಪ್ಪತ್ತು ಜನ. ನಾನು ಈ ಕಟ್ಟೆಯ ನಿರ್ವಾಹಕಿ, ಹೆಸರು ನೀಲಲೋಚನಾ. ಇವರ ಜಗಳ ಬಿಡಿಸುವುದು, ಒಂದೇ ಸುದ್ದಿಯನ್ನು ನಾಲ್ವರು ಹಾಕಿದರೆ ಮೂವರದ್ದನ್ನು ತೆಗೆಯುವುದು, ತೆಗೆದದ್ದಕ್ಕೆ ಆ ಮೂವರಿಂದ ಬೈಸಿಕೊಳ್ಳುವುದು, ಇದು ನನ್ನ ಹೊಟ್ಟೆಪಾಡು.

ಕಟ್ಟೆ ಎಂದರೆ ಕೂಡುವ ಕಲ್ಲಿನ ಕಟ್ಟೆಯಲ್ಲ. ಪ್ರೋಗ್ರಾಮು ಬರೆಯುವವರು, ಯಂತ್ರ ರಿಪೇರಿ ಮಾಡುವವರು, ಕಂಪನಿ ಕಟ್ಟುವ ಹುಚ್ಚಿನವರು ಆನ್‌ಲೈನಿನಲ್ಲಿ ಕನ್ನಡದಲ್ಲಿ ಸುದ್ದಿ ಹಂಚಿಕೊಳ್ಳುವ ತಾಣ. ನಮ್ಮ ಆಫೀಸು ಹುಬ್ಬಳ್ಳಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಸರ್ವರುಗಳು, ಇನ್ನೊಂದರಲ್ಲಿ ನಾನು ಮತ್ತು ದಾವಲಸಾಬ. ಸರ್ವರುಗಳ ಮೇಲೆ ಕೂತ ಜೋಳದ ಹಿಟ್ಟನ್ನು ವಾರಕ್ಕೊಮ್ಮೆ ಬ್ರಷ್ಷಿನಿಂದ ಒರೆಸುತ್ತಾ ಗಿರಣಿಯವನ ವಂಶವನ್ನೆಲ್ಲ ನೆನೆಯುವ ಕೆಲಸ ದಾವಲಸಾಬನದು. ಸಾಫ್ಟ್‌ವೇರ್ ನೋಡಿಕೊಳ್ಳುವವನೂ ಅವನೇ.

ಕಟ್ಟೆಯವರಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಹೊಸದೊಂದನ್ನು ಮಾಡಿ ಹಾಕಿದರೆ, ಅದು ನಿಜವಾಗಿಯೂ ಚೆನ್ನಾಗಿದ್ದರೆ, ಮೊದಲ ಕಮೆಂಟು ದೃಷ್ಟಿಬೊಟ್ಟಾಗಿರಬೇಕು. ಚೆಂದದ ಕೂಸಿನ ಕೆನ್ನೆಗೆ ಕಾಡಿಗೆ ಹಚ್ಚುವುದಿಲ್ಲವೇ, ಹಾಗೆ. ಇಲ್ಲದ ಒಂದು ದೋಷವನ್ನು ಹುಡುಕಿ ಬರೆಯಬೇಕು. ಎಲ್ಲರೂ ಅದಕ್ಕೆ ವೋಟು ಹಾಕಿ ಮೇಲಕ್ಕೆ ಏರಿಸಬೇಕು. ಒಂದು ಕೂಸಿಗೆ ಒಂದೇ ಬೊಟ್ಟು, ಎರಡು ಇಟ್ಟರೆ ಅಪಶಕುನ. ಬೊಟ್ಟು ಬೀಳದ ಪೋಸ್ಟಿನವರು ಮುಖ ಸಣ್ಣ ಮಾಡಿಕೊಂಡು ‘ನಮ್ಮದು ಅಷ್ಟು ಕೆಟ್ಟದ್ದಿತ್ತೇನ್ರಿ’ ಎಂದು ನನಗೆ ಮೆಸೇಜು ಕಳಿಸುತ್ತಾರೆ. ಇಷ್ಟು ದೊಡ್ಡ ಇಂಜಿನಿಯರುಗಳು, ವಿಜ್ಞಾನ ಬಿಟ್ಟು ಬೇರೆ ಮಾತಿಲ್ಲದವರು, ಬೊಟ್ಟಿನ ವಿಷಯದಲ್ಲಿ ಮಾತ್ರ ಎಲ್ಲರೂ ನಮ್ಮಜ್ಜಿಯಂತೆಯೇ.

ಇನ್ನು ಕಾವಲಿನ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿ ತನ್ನ ಔಷಧದ ಪಂಪುಗಳಲ್ಲಿ ದೋಷವಿರುವುದನ್ನು ಬಚ್ಚಿಟ್ಟು ಬಹಳ ಜನರ ಪ್ರಾಣ ತೆಗೆಯಿತು. ಆ ದೋಷದ ಬಗ್ಗೆ ಎಲ್ಲೆಲ್ಲೋ ಇರುವ ರಿಪೇರಿಯವರು ಇಂಥ ತಾಣಗಳಲ್ಲಿ ತಿಂಗಳುಗಟ್ಟಲೆ ಮೊದಲೇ ಬಡಕೊಂಡಿದ್ದರು. ಕೇಳುವವರಿರಲಿಲ್ಲ. ಆಮೇಲೆ ಕಾಯ್ದೆ ಬಂತು. ಜೀವ ಕಾಯುವ ಪ್ರತಿ ಯಂತ್ರದೊಳಗೂ ಕಾವಲು ಎಂಬ ಪ್ರೋಗ್ರಾಮು ಇರಬೇಕು. ಅದು ತಜ್ಞರು ಮಾತಾಡುವ ತಾಣಗಳನ್ನು ಹಗಲಿರುಳೂ ಓದುತ್ತದೆ. ತನ್ನ ಯಂತ್ರದ ಬಗ್ಗೆ ಗಂಭೀರ ದೂರು ಕಂಡರೆ, ಹಳೆಯ ಸದಸ್ಯರ ದೂರಾಗಿದ್ದರೆ, ವೋಟು ಬಹಳ ಬಿದ್ದಿದ್ದರೆ, ಯಂತ್ರಕ್ಕೆ ಬೀಗ ಹಾಕುತ್ತದೆ. ದೂರನ್ನು ಅಳಿಸಿದರೆ ‘ಯಾರೋ ಮುಚ್ಚಿಹಾಕುತ್ತಿದ್ದಾರೆ’ ಎಂದುಕೊಳ್ಳುತ್ತದೆ. ಬರೆದವರೇ ಹಿಂದಕ್ಕೆ ತೆಗೆದುಕೊಂಡರೆ ‘ಯಾರೋ ಹೆದರಿಸಿದ್ದಾರೆ’ ಎಂದುಕೊಳ್ಳುತ್ತದೆ. ಬೀಗ ತೆರೆಯಲು ಒಂದೇ ದಾರಿ. ಕಂಪನಿ ದೋಷ ತಿದ್ದಿ ಹೊಸ ಆವೃತ್ತಿ ಬಿಡಬೇಕು, ಅದೇ ತಾಣದಲ್ಲಿ ಹಾಕಬೇಕು, ಒಂದು ತಾಸಿನವರೆಗೆ ಅದರ ಮೇಲೆ ಹೊಸ ದೂರು ಬರಬಾರದು.

ಕಾವಲು ಮೊದಲು ಇಂಗ್ಲಿಷ್ ತಾಣಗಳನ್ನಷ್ಟೇ ಓದುತ್ತಿತ್ತು. ಕನ್ನಡದಲ್ಲಿ ಬರೆಯುವವರಿಗೆ ಬುದ್ಧಿಯಿಲ್ಲವೇ ಎಂದು ನಮ್ಮ ಕಟ್ಟೆಯವರು ಕೆರಳಿದರು, ಸಹಿ ಸಂಗ್ರಹಿಸಿದರು, ಎರಡು ವರ್ಷ ಜಗ್ಗಾಡಿದರು. ಕಡೆಗೆ ಈ ತಿಂಗಳು ಕಾವಲನ್ನು ನಡೆಸುವ ಸರ್ಕಾರಿ ಮಂಡಳಿಯವರು ಒಪ್ಪಿದರು. ಆ ಸುದ್ದಿ ಮೊದಲ ಪುಟದಲ್ಲಿ ಮೂರು ದಿನ ಕೂತಿತ್ತು. ದಾವಲಸಾಬ ಪೇಢೆ ತಂದು ಗಿರಣಿಯವನಿಗೂ ಕೊಟ್ಟ. ಆ ಪೋಸ್ಟಿಗೂ ಪದ್ಧತಿಯಂತೆ ಬೊಟ್ಟು ಬಿತ್ತು: ‘ಎಲ್ಲಾ ಸರಿ, ಕಾವಲಿಗೆ ಕನ್ನಡ ಬರುವುದಿಲ್ಲ.’ ನಮ್ಮವರು ಇಟ್ಟ ಸಾವಿರಾರು ಸುಳ್ಳು ಬೊಟ್ಟುಗಳಲ್ಲಿ ನಿಜವಾದದ್ದು ಅದೊಂದೇ.

*

ನಮ್ಮ ಮನೆಯಲ್ಲಿ ನಾನು ಮತ್ತು ಅಕ್ಕ ಪ್ರಭಾವತಿ ಇಬ್ಬರೇ. ಅಕ್ಕ ರೈಲು ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವಳು. ಯಂತ್ರಗಳೇ ಅನೌನ್ಸ್ ಮಾಡಲು ಶುರು ಮಾಡಿದ ಮೇಲೆ ಅವಳನ್ನು ಟಿಕೆಟ್ ಕೌಂಟರಿಗೆ ಹಾಕಿದರು. ಆ ಸಿಟ್ಟನ್ನು ಇನ್ನೂ ಬಿಟ್ಟಿಲ್ಲ. ಅಡುಗೆಮನೆಯಿಂದ ‘ಚಹಾ ಆಗೈತಿ’ ಎಂದರೆ ಓಣಿಯ ತುದಿಯವರೆಗೂ ಕೇಳುತ್ತದೆ.

ಮೂರು ವರ್ಷಗಳಿಂದ ಅವಳ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ಮೊದಲು ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗುತ್ತಿದ್ದೆವು. ಆಮೇಲೆ ಜರಡಿ ಬಂತು. ಜರಡಿ ನಮ್ಮ ಊರಿನದೇ ಸ್ಟಾರ್ಟಪ್ಪು. ಹೊಲಿಗೆ ಯಂತ್ರದಷ್ಟು ಗಾತ್ರದ ಡಬ್ಬಿ, ಮನೆಯಲ್ಲೇ ರಕ್ತ ಸೋಸುತ್ತದೆ. ಅದನ್ನು ಮಾಡಿದ ಮಲ್ಲನಗೌಡ ಮೊದಲ ಸಲ ತೋರಿಸಿದ್ದು ನಮ್ಮ ಕಟ್ಟೆಯಲ್ಲಿಯೇ. ದಿನ ಬಿಟ್ಟು ದಿನ ಅಕ್ಕನ ತೋಳಿಗೆ ಎರಡು ಸೂಜಿ ಚುಚ್ಚುವುದು ನಾನು. ನಾಲ್ಕು ತಾಸು ಅವಳು ಮಲಗಿಕೊಂಡು ನನ್ನನ್ನೂ ಜರಡಿಯನ್ನೂ ಬೈಯುತ್ತಾಳೆ. ಜರಡಿಯಲ್ಲಿ ಒಂದು ಕಿವಿ ಇದೆ. ರಕ್ತದ ನಳಿಗೆಯಲ್ಲಿ ಗಾಳಿಗುಳ್ಳೆ ಹೋದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಆ ಕಿವಿ ಗುಳ್ಳೆಯ ಸದ್ದು ಹಿಡಿದು ಪಂಪು ನಿಲ್ಲಿಸುತ್ತದೆ. ಅದು ಎಷ್ಟು ಚುರುಕು ಎಂದರೆ ಅಡುಗೆಮನೆಯಲ್ಲಿ ಸೌಟು ಬಿದ್ದರೂ ಕೂಗಿಕೊಳ್ಳುತ್ತದೆ.

ಆ ದಿನ ಬೆಳಿಗ್ಗೆ ಸೂಜಿ ತೆಗೆದು ಇಟ್ಟುಕೊಂಡು ಜರಡಿಯ ಗುಂಡಿ ಒತ್ತಿದೆ. ಪರದೆಯ ಮೇಲೆ ಹೀಗೆ ಬಂತು: ‘ದೋಷದ ದೂರು: ಗುಳ್ಳೆ ಪತ್ತೆ. ಮೂಲ: ತಂತ್ರಕಟ್ಟೆ. ಯಂತ್ರಕ್ಕೆ ಬೀಗ ಹಾಕಲಾಗಿದೆ.’

“ಯಾಕ ನಿಂತೀ? ಚುಚ್ಚು,” ಎಂದಳು ಅಕ್ಕ.

“ಬೀಗ ಬಿದ್ದೈತಿ ಅಕ್ಕಾ.”

“ಯಾರ ಹಾಕಿದ್ರು?”

ನಾನು ಫೋನಿನಲ್ಲಿ ಕಟ್ಟೆ ತೆರೆದೆ. ಹಿಂದಿನ ದಿನ ಮಲ್ಲನಗೌಡ ಜರಡಿಯ ಹೊಸ ಆವೃತ್ತಿ ಹಾಕಿದ್ದ. ಅದರ ಕೆಳಗೆ ಮೊದಲ ಕಮೆಂಟು ಗದಗಿನ ವಾಮನರಾಯರದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಂಜಿನಿಯರಾಗಿ ನಿವೃತ್ತರಾದವರು, ಕಟ್ಟೆಯ ಅತ್ಯಂತ ಹಳೆಯ ಸದಸ್ಯರು, ಎಲ್ಲರಿಗೂ ಪ್ರೀತಿಯವರು. ಅವರು ಬರೆದಿದ್ದರು: ‘ಎಲ್ಲಾ ಛಲೋ ಅದ. ಗುಳ್ಳಿ ಕೇಳೋ ಕಿವಿ ಮಾತ್ರ ಮಂದ ಆಗೇದ, ನನ್ನ ಹಂಗ.’ ಆರುನೂರು ಜನ ವೋಟು ಹಾಕಿದ್ದರು. ಜರಡಿಯ ಕಿವಿ ಮಂದ ಎನ್ನುವುದೇ ಎಲ್ಲರಿಗೂ ನಗೆಯ ಮಾತು. ಕಾವಲಿಗೆ ಮಾತ್ರ ನಗೆ ಬಂದಿರಲಿಲ್ಲ.

“ನಿಮ್ಮ ಕಟ್ಟೀ ಮಂದೀನ?” ಎಂದು ಅಕ್ಕ ಕೇಳಿದಳು. ನಾನು ಹೂಂ ಎಂದೆ. “ನನಗ ಗೊತ್ತಿತ್ತು,” ಎಂದಳು. ಅವಳೂ ಕಟ್ಟೆಯವರ ಹಾಗೆಯೇ ಅಂದದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು.

*

ಆಫೀಸಿಗೆ ಓಡಿದಾಗ ದಾವಲಸಾಬ ಆಗಲೇ ಒಳ್ಳೆಯದು ಮಾಡಲು ಹೋಗಿ ಕೆಲಸ ಕೆಡಿಸಿದ್ದ. ಆ ಕಮೆಂಟನ್ನು ಅಳಿಸಿಬಿಟ್ಟಿದ್ದ.

“ಬೀಗದ ಸುದ್ದಿ ಕೇಳಿದೆ. ಕಮೆಂಟ್ ಹೋದ್ರ ಬೀಗಾನೂ ಹೋಗತೈತಿ ಅಂತ ತಿಳದೆ ಅಕ್ಕಾರ,” ಎಂದ.

ಕಾವಲು ಪ್ರತಿಯೊಂದು ತಾಣದ ನಿರ್ವಾಹಕರಿಗೆ ತಾನು ಏನು ಓದಿ ಏನು ತಿಳಿದುಕೊಂಡೆ ಎಂದು ತೋರಿಸುತ್ತದೆ. ಅದರಲ್ಲಿ ಹೊಸ ಸಾಲು ಬಂದಿತ್ತು: ‘ದೂರು ಮರೆಮಾಚುವ ಯತ್ನ. ತೀವ್ರತೆ ಹೆಚ್ಚಿಸಲಾಗಿದೆ.’ ಕಮೆಂಟನ್ನು ಮತ್ತೆ ಹಾಕಿದೆವು. ‘ಒತ್ತಡದಿಂದ ದೂರು ಮರುಸ್ಥಾಪನೆ. ತೀವ್ರತೆ ಹೆಚ್ಚಿಸಲಾಗಿದೆ.’

ವಾಮನರಾಯರಿಗೆ ಫೋನು ಮಾಡಿದೆ. ಅವರಿಗೆ ನಿಜವಾಗಿಯೂ ಕಿವಿ ಕೇಳಿಸುವುದಿಲ್ಲ. ಎರಡು ಸಲ ಕೂಗಿ ಹೇಳಿದ ಮೇಲೆ ತಿಳಿಯಿತು.

“ಅಯ್ಯೋ, ಅದು ಬೊಟ್ಟವಾ. ನೀ ನೋಡಿದವಳೇ ಇದ್ದೀಯಲ್ಲ. ಎಷ್ಟು ಮನಿಯೊಳಗ ನಿಂತದ?”

“ಜರಡಿ ಇರೋ ಎಲ್ಲಾ ಮನ್ಯಾಗ ನಿಂತೈತ್ರಿ.”

“ಈಗ ಬರೀತೀನಿ, ಸುಳ್ಳದ ಅಂತ ಬರೀತೀನಿ. ದೇವರ ಆಣಿ ಹಾಕಿ ಬರೀತೀನಿ.”

ಬರೆದರು, ಪಾಪ, ಮೂರು ಪ್ಯಾರಾ ಬರೆದರು. ತಮ್ಮ ವಯಸ್ಸು, ತಮ್ಮ ಮೂಢತನ, ಜರಡಿಯ ಬಗ್ಗೆ ತಮಗಿರುವ ಅಭಿಮಾನ ಎಲ್ಲವನ್ನೂ ಹೇಳಿಕೊಂಡರು. ಕಾವಲು ಓದಿತು: ‘ದೂರುದಾರರಿಂದ ಹಿಂತೆಗೆತ. ಬೆದರಿಕೆಯ ಶಂಕೆ.’

ನಾನೇ ಒಂದು ಪೋಸ್ಟು ಹಾಕಿದೆ. ಇದು ದೃಷ್ಟಿಬೊಟ್ಟು, ಇದು ನಮ್ಮ ಪದ್ಧತಿ, ಜರಡಿಯ ಕಿವಿಗೆ ಏನೂ ಆಗಿಲ್ಲ, ನೂರಾರು ಮನೆಗಳಲ್ಲಿ ರೋಗಿಗಳು ಕಾಯುತ್ತಿದ್ದಾರೆ, ಇದನ್ನು ಬಿಡಿಸುವುದು ಹೇಗೆ ಹೇಳಿ ಎಂದು ಕೇಳಿದೆ. ಕಟ್ಟೆಯಲ್ಲಿ ಇಷ್ಟು ಬುದ್ಧಿವಂತರಿದ್ದಾರೆ, ಯಾರಿಗಾದರೂ ಹೊಳೆಯುತ್ತದೆ ಎಂಬ ಆಸೆ. ಮಧ್ಯಾಹ್ನದ ಹೊತ್ತಿಗೆ ನಾನೂರು ಕಮೆಂಟು ಬಂದವು. ಯಂತ್ರಕ್ಕೆ ಹಾಸ್ಯ ತಿಳಿಯಬಲ್ಲದೇ ಎಂಬುದರ ಮೇಲೆ ನೂರೈವತ್ತು. ಕಾವಲನ್ನು ಯಾವ ಭಾಷೆಯಲ್ಲಿ ಪ್ರೋಗ್ರಾಮು ಮಾಡಿದ್ದಾರೆ, ಅದನ್ನು ಬಿಟ್ಟು ಬೇರೆ ಭಾಷೆಯಲ್ಲಿ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದರ ಮೇಲೆ ನೂರು. ಉಳಿದದ್ದು ಆ ಎರಡು ಭಾಷೆಗಳ ಅಭಿಮಾನಿಗಳ ಬಡಿದಾಟ. ಒಬ್ಬ ಮಹಾನುಭಾವ ‘ಈ ವಿಷಯ ಬೆಳಿಗ್ಗೆಯೇ ಚರ್ಚೆಯಾಗಿದೆ, ಇದು ನಕಲು ಪೋಸ್ಟು, ನಿರ್ವಾಹಕರು ಗಮನಿಸಿ’ ಎಂದು ನನ್ನ ಪೋಸ್ಟಿನ ಮೇಲೆಯೇ ನನಗೆ ದೂರು ಕೊಟ್ಟ. ಕುರ್ಚಿ ಎತ್ತಿ ಪರದೆಗೆ ಎಸೆಯಬೇಕು ಎನಿಸಿತು. ಕುರ್ಚಿ ಆಫೀಸಿನದು ಎಂದು ಸುಮ್ಮನಾದೆ.

ಮಂಡಳಿಯ ಸಹಾಯವಾಣಿಗೆ ಕರೆ ಮಾಡಿದರೆ ಒಂದು ಯಂತ್ರ ಎತ್ತಿಕೊಂಡು, ನಿಮ್ಮ ದೂರನ್ನು ತಾಂತ್ರಿಕ ತಾಣದಲ್ಲಿ ಹಾಕಿ, ಕಾವಲು ಓದಿಕೊಳ್ಳುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿತು.

*

ಮರುದಿನಕ್ಕೆ ಅಕ್ಕನ ಕಾಲು ಬಾತವು. ಒಂದು ಸರದಿ ತಪ್ಪಿದರೆ ಹೀಗೆ, ಹೋಗಬೇಕಾದ ನೀರು ಮೈಯಲ್ಲೇ ನಿಲ್ಲುತ್ತದೆ. ಕುಡಿಯುವ ನೀರಿಗೆ ಮೊದಲೇ ಅಳತೆ ಇತ್ತು. ಈಗ ಅದನ್ನೂ ಕಡಿಮೆ ಮಾಡಿ ಐಸಿನ ಚೂರು ಕೊಟ್ಟೆ. ಅದನ್ನು ಚೀಪುತ್ತಾ ಸುಮ್ಮನೆ ಕೂತಳು. ಅಕ್ಕ ಸುಮ್ಮನಿದ್ದರೆ ನನಗೆ ಹೆದರಿಕೆ.

ಆಸ್ಪತ್ರೆಗೆ ಹೋದೆವು. ಮನೆಮನೆಗೆ ಜರಡಿ ಬಂದ ಮೇಲೆ ಅವರು ಹಳೆಯ ಯಂತ್ರಗಳನ್ನು ಕಡಿಮೆ ಮಾಡಿದ್ದರು. ಇದ್ದ ಕೆಲವಕ್ಕೆ ಇಡೀ ಜಿಲ್ಲೆ ಬಂದು ನಿಂತಿತ್ತು. ವರಾಂಡದಲ್ಲಿ ನಮ್ಮಂಥವರೇ, ಬಾತ ಮುಖದವರು, ಗೋಡೆಗೆ ಒರಗಿದವರು. ಡಾಕ್ಟರು ಅಕ್ಕನ ರಕ್ತ ನೋಡಿ, “ಇವತ್ತಿಗೆ ಗುಳಿಗಿಯೊಳಗ ತಡೀಬಹುದು. ನಾಡದ ಮುಂಜಾನಿ ಸರದಿ ಬರ್ತದ. ಅದಕ್ಕೂ ಮೊದಲು ಉಸಿರಾಟ ಕಷ್ಟ ಆದ್ರ ತಕ್ಷಣ ಬರ್ರಿ,” ಎಂದರು. ನಾಡಿದ್ದು ಬರುವವರೆಗೆ ಏನಾದರೂ ಆದರೆ ಎಂದು ಕೇಳದೆ ಗುಳಿಗೆಯ ಚೀಟಿ ತೆಗೆದುಕೊಂಡೆ. ಅವರ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಾಗಿದ್ದವು.

ಮನೆಗೆ ಬಂದು ಕಟ್ಟೆಯಲ್ಲಿ ಇನ್ನೊಂದು ಕಮೆಂಟು ಹಾಕಿದೆ. ಇದು ಕಟ್ಟೆಯವರಿಗಲ್ಲ, ಕಾವಲಿಗೇ ಎಂದು ನೇರವಾಗಿ ಬರೆದೆ: ‘ನನ್ನ ಅಕ್ಕನ ಕಾಲು ಬಾತಿವೆ. ಮಲಗಿದರೆ ಏದುಸಿರು ಬರುತ್ತಿದೆ. ಜರಡಿ ಬೇಕು.’ ಕಾವಲು ಕ್ಷಣದಲ್ಲಿ ಓದಿತು. ‘ವಿಷಯ: ರೋಗಿ. ಯಂತ್ರಕ್ಕೆ ಸಂಬಂಧಿಸಿದ್ದಲ್ಲ. ಪರಿಗಣಿಸಿಲ್ಲ.’

ಅದನ್ನು ಓದಿದ ಮೇಲೆ ನನಗೆ ಅಳು ಬಂತು. ಸಿಟ್ಟಿನ ಅಳು. ಇಲ್ಲದ ದೋಷವನ್ನು ನಂಬುತ್ತದೆ, ಇರುವ ಅಕ್ಕನನ್ನು ನಂಬುವುದಿಲ್ಲ. ಎದುರಿಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಅದಕ್ಕೆ ಕಪಾಳವೂ ಇಲ್ಲ.

*

ಉಳಿದದ್ದು ಒಂದೇ ದಾರಿ, ಹೊಸ ಆವೃತ್ತಿ. ಮೂರನೆಯ ದಿನ ಬೆಳಿಗ್ಗೆ ಮಲ್ಲನಗೌಡ ಆಫೀಸಿಗೇ ಬಂದ. ಎರಡು ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು. ಊರೂರಿನಿಂದ ರೋಗಿಗಳ ಮನೆಯವರು ಅವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದರು.

“ಇಲ್ಲದ ದೋಷ ಹೆಂಗ ತಿದ್ದಲಿ ಅಕ್ಕಾರ? ಕಿವಿ ಸರಿ ಐತಿ. ಇನ್ನೂ ಚುರುಕ ಮಾಡಿದ್ರ ರೋಗಿ ಕೆಮ್ಮಿದ್ರೂ ನಿಲ್ಲತೈತಿ.”

“ಒಂದು ಅಂಕಿ ಬದಲ ಮಾಡಿ ಮತ್ತ ಮೊದಲಿನಂಗ ಮಾಡ್ರಿ. ಆವೃತ್ತಿ ನಂಬರ್ ಹೊಸದಾದ್ರ ಸಾಕು.”

“ಸುಳ್ಳ ಹೇಳಿದಂಗ ಆತಲ್ಲ.”

“ಸುಳ್ಳ ದೋಷಕ್ಕ ಸುಳ್ಳ ರಿಪೇರಿ. ನೀವು ಹಾಕ್ರಿ.”

ಅವನು ನನ್ನ ಮೇಜಿನ ಮೇಲೇ ಕೂತು ಹೊಸ ಆವೃತ್ತಿ ಸಿದ್ಧ ಮಾಡಿದ. ನಾನು ಪೋಸ್ಟು ಬರೆದೆ. ತಲೆಬರಹ ಹೀಗಿತ್ತು: ‘ಜರಡಿಯ ಹೊಸ ಆವೃತ್ತಿ: ದಯವಿಟ್ಟು ಬೊಟ್ಟು ಇಡಬೇಡಿ.’ ಒಳಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಒಂದು ತಾಸು ಯಾರೂ ಏನೂ ಬರೆಯಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದೆ. ಕಮೆಂಟಿನ ಜಾಗವನ್ನೇ ಮುಚ್ಚಬಹುದಿತ್ತು, ಮುಚ್ಚಿದರೆ ಅದೂ ಮರೆಮಾಚಿದಂತೆಯೇ. ಹಾಗಾಗಿ ತೆರೆದಿಟ್ಟು ಮೂವರೂ ಪರದೆಯ ಮುಂದೆ ಕೂತೆವು.

ಕಟ್ಟೆಯವರ ಮರ್ಯಾದೆ ಕಳೆಯಬಾರದು, ಅವರು ಬಹಳ ಹೊತ್ತು ಬಾಯಿ ಕಟ್ಟಿಕೊಂಡರು. ವೋಟು ಬೀಳುತ್ತಿದ್ದವು, ಕಮೆಂಟು ಇಲ್ಲ. ಕೆಳಗೆ ಗಿರಣಿ ಗರಗರ ತಿರುಗುತ್ತಿತ್ತು. ಅರ್ಧ ತಾಸು ಕಳೆಯಿತು. ಮುಕ್ಕಾಲು ಕಳೆಯಿತು. ಮಲ್ಲನಗೌಡ ಎರಡೂ ಕೈ ಮುಗಿದುಕೊಂಡು ಕೂತಿದ್ದ. ನಾನು ಮನೆಗೆ ಫೋನು ಮಾಡಿ, “ಅಕ್ಕಾ, ಸೂಜಿ ನೋಯದಂಗ ತೋಳಿಗೆ ಮುಲಾಮ ಹಚ್ಚಿಕೋ, ಇನ್ನೇನ ಬಂದೆ,” ಎಂದೆ.

ಫೋನು ಇಡುವಷ್ಟರಲ್ಲಿ ಬೊಟ್ಟು ಬಿತ್ತು.

‘ಬಾಕಿ ಎಲ್ಲಾ ಬೆಸ್ಟ್. ಪಂಪ್ ಮಾತ್ರ ನಮ್ಮ ಊರ ಬಸ್ಸಿನಂಗ, ನಡುವ ನಿಂತು ಬಿಡತೈತಿ.’ ಬರೆದವನು ಉಗರಗೋಳ ಎಂಬ ಸದಸ್ಯ, ಸಕ್ಕರೆ ಕಾರ್ಖಾನೆಗಳಿಗೆ ಪ್ರೋಗ್ರಾಮು ಬರೆಯುವವನು. ಹತ್ತು ಎಣಿಸುವುದರೊಳಗೆ ನಲವತ್ತು ವೋಟು. ಬೊಟ್ಟು ಬಿದ್ದದ್ದನ್ನು ಕಂಡು ಎಲ್ಲರಿಗೂ ಸಮಾಧಾನವಾಯಿತು ಎಂದು ಕಾಣುತ್ತದೆ. ಕಾವಲು ಬರೆಯಿತು: ‘ಹೊಸ ದೋಷ: ಪಂಪು. ಬೀಗ ಮುಂದುವರಿದಿದೆ.’

ಮಲ್ಲನಗೌಡ ತಲೆ ಹಿಡಿದುಕೊಂಡ. ನಾನು ಉಗರಗೋಳನ ನಂಬರು ತೆಗೆದು ಕರೆ ಮಾಡಿ, ಅವನು ಹಲೋ ಎನ್ನುವ ಮೊದಲೇ ಶುರು ಮಾಡಿದೆ.

“ಕಣ್ಣ ಕಾಣಿಸೂದಿಲ್ಲೇನ್ ನಿಮಗ? ಬೊಟ್ಟ ಇಡಬ್ಯಾಡ್ರಿ ಅಂತ ಹಣೀ ಮ್ಯಾಲೆ ಬರದೇನಿ!”

“ಎಲ್ಲಿ ಬರದೀರಿ ಮೇಡಂ? ‘ಜರಡಿಯ ಹೊಸ ಆವೃತ್ತಿ’ ಅಂತ ಅಷ್ಟ ಇತ್ತಲ್ರಿ.”

ಪರದೆ ನೋಡಿದೆ. ಹೌದು, ಅಷ್ಟೇ ಇತ್ತು. ತಲೆಬರಹದಲ್ಲಿ ಗೋಗರೆಯಬಾರದು ಎಂದು ಕಟ್ಟೆಯಲ್ಲಿ ನಿಯಮವಿದೆ. ‘ದಯವಿಟ್ಟು’ ಎಂದು ಬಂದರೆ ಅಲ್ಲಿಂದ ಮುಂದಕ್ಕೆ ಕತ್ತರಿಸಿಬಿಡಲಿ ಎಂದು ದಾವಲಸಾಬ ಯಾವ ಕಾಲದಲ್ಲೋ ಒಂದು ಪ್ರೋಗ್ರಾಮು ಬರೆದು ಮರೆತಿದ್ದ. ಅವನು ಮೆಲ್ಲಗೆ ಎದ್ದು ಸರ್ವರಿನ ಕೋಣೆಗೆ ಹೋಗಿ ಹಿಟ್ಟು ಒರೆಸತೊಡಗಿದ.

“ಒಳಗ ಬರದೈತಲ್ಲ, ಓದಲಿಲ್ಲೇನು?”

ಅವನ ದನಿ ಒಡೆಯಿತು. “ಒಳಗ ಓದಲಿಲ್ರಿ. ನಮ್ಮಪ್ಪಗ ಜರಡೀನ ಹಚ್ಚೀವಿ. ಎರಡ ದಿನ ಆತು, ಅಂವಾ ಮಾತಾಡವಲ್ಲ. ಹೊಸ ಆವೃತ್ತಿ ಬಂತಂತ ಕುಣಿದಾಡಿದ್ನಿ. ನೋಡಿದ್ರ ಬೊಟ್ಟಿಲ್ಲ. ಇಷ್ಟ ಮಂದೀ ಕಣ್ಣ ಬಿದ್ದೈತಿ, ಬೊಟ್ಟಿಲ್ಲದ ಹೆಂಗ ಬಿಡೂದಂತ ಎದಿ ಝಲ್ಲಂತು. ಅದಕ್ಕ ಇಟ್ಟೆರಿ.”

ಅವನನ್ನು ಇನ್ನೂ ಬೈಯಲು ನನ್ನಲ್ಲಿ ಬೈಗುಳವಿತ್ತು, ಬಳಸಲಿಲ್ಲ. “ಅಪ್ಪಾರ್ನ ಆಸ್ಪತ್ರಿಗೆ ಕರಕೊಂಡ ಹೋಗ್ರಿ,” ಎಂದು ಇಟ್ಟೆ.

*

ಮನೆಗೆ ಹೋದಾಗ ಅಕ್ಕ ತೋಳಿಗೆ ಮುಲಾಮು ಹಚ್ಚಿಕೊಂಡು ಜರಡಿಯ ಪಕ್ಕ ಕೂತಿದ್ದಳು. ಮಲಗಲು ಆಗುತ್ತಿರಲಿಲ್ಲ, ಎರಡು ದಿಂಬಿಗೆ ಒರಗಿದ್ದಳು. ಆಸ್ಪತ್ರೆಯ ಸರದಿಗೆ ಇನ್ನೂ ಒಂದು ಹಗಲು ಒಂದು ರಾತ್ರಿ ಬಾಕಿ. ಆಂಬುಲೆನ್ಸಿಗೆ ಹೇಳಿಟ್ಟಿದ್ದೆ. ಅದೂ ಜರಡಿಯವರನ್ನೇ ಹೊತ್ತು ತಿರುಗುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಇನ್ನೊಂದು ಆವೃತ್ತಿ ಹಾಕಬಹುದು, ಆದರೆ ಕಟ್ಟೆಯಲ್ಲಿ ಯಾರೋ ಒಬ್ಬ ಮತ್ತೆ ಬೊಟ್ಟು ಇಟ್ಟೇ ಇಡುತ್ತಾನೆ, ಇಪ್ಪತ್ತು ಸಾವಿರ ಜನರ ಕೈ ಕಟ್ಟಲು ನನ್ನಿಂದ ಆಗುವುದಿಲ್ಲ ಎಂದೆ.

ಅಕ್ಕ ಉಸಿರು ಎಳೆದುಕೊಂಡು ಎಳೆದುಕೊಂಡು ಬೈದಳು.

“ಅವರ ಕೈಯಾಗ... ಅಷ್ಟ ತುರಿಕಿ ಇದ್ರ... ನನಗ ಹಚ್ಚಂತ ಹೇಳು ಬೊಟ್ಟ. ಮಷಿನ್‌ಗ್ಯಾಕ ಹಚ್ಚತಾರ? ನಾ ಏನ್ ಚೆಂದ ಇಲ್ಲೇನು?”

ನಾನು ಐಸಿನ ಬಟ್ಟಲು ಹಿಡಿದು ನಿಂತವಳು ನಿಂತೇ ಬಿಟ್ಟೆ. ವಿಷಯ: ರೋಗಿ. ಪರಿಗಣಿಸಿಲ್ಲ. ನನಗೆ ಅಳು ತರಿಸಿದ ಸಾಲು ಅದು. ಅಕ್ಕನ ಬಗ್ಗೆ ಯಾರು ಏನು ಬರೆದರೂ ಕಾವಲು ಮೂಸಿಯೂ ನೋಡುವುದಿಲ್ಲ. ಮತ್ತು ಒಂದು ಕೂಸಿಗೆ ಒಂದೇ ಬೊಟ್ಟು, ಮೊದಲು ಬಿದ್ದದ್ದರ ಮೇಲೆ ಎರಡನೆಯದನ್ನು ನಮ್ಮವರು ಸತ್ತರೂ ಇಡುವುದಿಲ್ಲ.

“ಅಕ್ಕಾ, ನೀನ ಬರಿ,” ಎಂದೆ.

ಅವಳ ಹೆಸರಿನಲ್ಲಿ ಕಟ್ಟೆಯಲ್ಲಿ ಖಾತೆ ತೆರೆದೆ. ಹೊಸ ಸದಸ್ಯರ ಕಮೆಂಟು ನಾನು ಒಪ್ಪಿದರೆ ಮಾತ್ರ ಕಾಣುತ್ತದೆ, ಒಪ್ಪಲು ನಾನು ಪಕ್ಕದಲ್ಲೇ ಇದ್ದೆ. ಮಲ್ಲನಗೌಡನಿಗೆ ಫೋನು ಮಾಡಿ ಮತ್ತೊಂದು ಸುಳ್ಳು ಆವೃತ್ತಿ ಹಾಕಿಸಿದೆ. ಈ ಸಲ ತಲೆಬರಹದಲ್ಲಿ ಬೇಡಿಕೆಯಿಲ್ಲ, ಕಾಲಿಗೆ ಬೀಳುವುದಿಲ್ಲ. ಅದು ಬಿದ್ದ ಕ್ಷಣವೇ ಅಕ್ಕ ಹೇಳಿದ್ದನ್ನು ನಾನು ಟೈಪು ಮಾಡಿದೆ. ಏದುಸಿರಿನಲ್ಲೂ ಅವಳು ಅದನ್ನು ಸ್ಟೇಷನ್ನಿನ ಮೈಕಿನ ಮುಂದೆ ಕೂತವಳ ಧಾಟಿಯಲ್ಲೇ ಹೇಳಿದಳು:

‘ಪ್ರಯಾಣಿಕರ ಗಮನಕ್ಕೆ. ಮಷಿನ್ ಛಲೋ ಐತಿ, ಪಂಪ್ ಛಲೋ ಐತಿ, ಕಿವಿ ಛಲೋ ಐತಿ. ಇದಕ್ಕ ಹಚ್ಚಿಕೊಂಡ ಕುಂತ ಹೆಣ್ಮಗಳ ಬಾಯಿ ಮಾತ್ರ ಭಾಳ ಜೋರ ಐತಿ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.’

ವೋಟು ಬೀಳತೊಡಗಿದವು. ಬೆಳಿಗ್ಗೆ ಅಷ್ಟು ಹೊತ್ತು ಎಲ್ಲರೂ ಬಾಯಿ ಬಿಗಿದು ಕೂತಿದ್ದರಲ್ಲ, ಕಟ್ಟೆ ಒಡೆದ ಹಾಗೆ ಬಿದ್ದವು. ಕೆಳಗೆ ಉತ್ತರಗಳೂ ಬಂದವು. ‘ನಮ್ಮ ತಾಯಿಯಲ್ಲೂ ಇದೇ ದೋಷ.’ ‘ನಮ್ಮಲ್ಲಿ ಎರಡು ಇಂಥವಿವೆ, ತಯಾರಕರು ಸ್ಪಂದಿಸುತ್ತಿಲ್ಲ.’ ಪ್ರತಿ ಉತ್ತರವನ್ನೂ ಎರಡೆರಡು ಸಲ ಓದಿದೆ, ಒಬ್ಬನಾದರೂ ಪಂಪು ಎಂದು ಬರೆದರೆ ಮುಗಿಯಿತು. ಯಾರೂ ಬರೆಯಲಿಲ್ಲ. ಬೊಟ್ಟು ಬಿದ್ದಾಗಿತ್ತು, ಅವರ ಕೈಗೆ ನೆಮ್ಮದಿಯಾಗಿತ್ತು. ಗದಗಿನಿಂದ ವಾಮನರಾಯರು ಬರೆದರು: ‘ಈ ದೋಷ ಯಾರೂ ರಿಪೇರಿ ಮಾಡಬ್ಯಾಡ್ರಿ.’ ಉಗರಗೋಳನೂ ವೋಟು ಹಾಕಿದ್ದ. ಅವನ ಅಪ್ಪನ ವಿಷಯ ಕೇಳಲು ಧೈರ್ಯ ಬರಲಿಲ್ಲ. ಸಂಜೆ ಅವನೇ ಮೆಸೇಜು ಕಳಿಸಿದ, ಮುದುಕ ಬೈಯಲು ಶುರು ಮಾಡಿದ್ದಾನೆ ಎಂದು.

ಆ ಒಂದು ತಾಸು ನಾನು ಅಕ್ಕನ ಬೆನ್ನು ನೀವುತ್ತಾ ಕೂತೆ. ಅವಳು ಕಣ್ಣು ಮುಚ್ಚಿದ್ದಳು. ಉಸಿರು ಎಳೆದಾಗ ಎದೆಯೊಳಗೆ ನೀರು ಸದ್ದು ಮಾಡುತ್ತಿತ್ತು. ಕಟ್ಟೆಯವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಅವರು ಅಕ್ಕನಿಗೆ ತೋರಿಸುತ್ತಿದ್ದ ಆ ಪ್ರೀತಿಯೂ ನನಗೆ ಬೇಡವಾಗಿತ್ತು. ಮೊದಲೇ ಓದಿದ್ದರೆ, ಒಂದೇ ಒಂದು ಸಲ ತೆರೆದು ಓದಿದ್ದರೆ.

ಜರಡಿ ಕಿರ್ರೆಂದು ಸದ್ದು ಮಾಡಿ ಎದ್ದಿತು. ‘ಬೀಗ ತೆರೆಯಲಾಗಿದೆ.’

ಸೂಜಿ ಎತ್ತಿಕೊಂಡೆ. ಎರಡನೆಯ ಸೂಜಿ ಸರಿಯಾಗಿ ಕೂರಲಿಲ್ಲ, ಮತ್ತೆ ಚುಚ್ಚಿದೆ. ಅಕ್ಕ ಬೈಯಲಿಲ್ಲ. ರಕ್ತ ನಳಿಗೆಯಲ್ಲಿ ಹೊರಟು ಜರಡಿಯನ್ನು ಸುತ್ತಿ ಅವಳ ತೋಳಿಗೆ ಮರಳಿತು. ಸ್ವಲ್ಪ ಹೊತ್ತಿನ ಮೇಲೆ ಅವಳ ಉಸಿರು ಇಳಿಯಿತು, ಕಣ್ಣು ತೆರೆದು ಪರದೆಯನ್ನು ಓದಿದಳು. ಬೀಗ ತೆರೆದ ಸಾಲಿನ ಕೆಳಗೆ ಕಾವಲು ತಾನು ಓದಿದ್ದನ್ನೆಲ್ಲ ಬರೆದಿತ್ತು: ‘ಹೊಸ ಕಮೆಂಟು. ವೋಟು: ಎರಡು ಸಾವಿರದ ಮೇಲೆ. ವಿಷಯ: ರೋಗಿ. ಪರಿಗಣಿಸಿಲ್ಲ.’

“ಎರಡ ಸಾವಿರ ಮಂದಿ ಹೇಳಿದ್ರೂ?” ಎಂದಳು.

“ಹೂಂ.”

ಅಕ್ಕ ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ, ಓಣಿಯ ತುದಿಯವರೆಗೂ ಕೇಳುವ ಆ ದನಿ ಇನ್ನೂ ಮರಳಿ ಬಂದಿರಲಿಲ್ಲ, ನನಗಷ್ಟೇ ಕೇಳುವಂತೆ ಹೇಳಿದಳು.

“ನೋಡ ನೀಲಿ. ನನ್ನ ಲೆಕ್ಕಕ್ಕ ಹಿಡೀಲಿಲ್ಲ, ಅದಕ್ಕ ಉಳದೆ.”